ಅಂಗಿಯಲ್ಲಿ ಉಳಿದ ಹಳೇ ಬಾಕಿ

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಸಂಜೆ. ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದೆ. ಒಂಬತ್ತನೇ ತರಗತಿಯ ಮೊಮ್ಮಗ ಸಾಲಿಯಿಂದ ಬಂದ. ಚೀಲವನ್ನು ಮೂಲೆಗೆ ಒಗೆದು, ಅಂಗಿ ಬಿಚ್ಚಿ ಬಚ್ಚಲಿಗೆ ಎಸೆದ.

"ಮುತ್ಯಾ, ನಾ ನಾಳಿಂದ ಖೋ-ಖೋ ಆಡಾಕ ಹೋಗಂಗಿಲ್ಲ."

"ಯಾಕಪಾ? ತಾಲ್ಲೂಕು ಪಂದ್ಯ ಮುಂದಿನ ತಿಂಗಳೇ ಅದಲ್ಲ?"

"ಸುಮ್ನ."

ಹದಿನಾಲ್ಕು ವರ್ಷದ ಹುಡುಗ 'ಸುಮ್ನ' ಎಂದರೆ ಅದರ ಹಿಂದೆ ಏನೋ ಇದೆ ಎಂದೇ ಅರ್ಥ. ರಾತ್ರಿ ಊಟವಾದ ಮೇಲೆ ಮೆಲ್ಲಗೆ ಕೇಳಿದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ಅಂಗಿ ನಾರ್ತದಂತ. ಬಾಜೂಕ ಯಾರೂ ಕೂಡವಲ್ರು."

ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಆ ಅಂಗಿ ಒಗೆಯುವವನು ನಾನೇ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷ. ಮಗ, ಸೊಸೆ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಖಾಲಿ ಕೂತ ನಾನು ಬಟ್ಟೆಯ ಖಾತೆಯನ್ನು ನನ್ನ ಹೆಸರಿಗೆ ಬರೆಸಿಕೊಂಡಿದ್ದೆ. ಎದ್ದು ಬಚ್ಚಲಿಗೆ ಹೋಗಿ ಅಂಗಿ ಮೂಸಿ ನೋಡಿದೆ. ನನಗೇನೂ ವಾಸನೆ ಬರಲಿಲ್ಲ. ಮೂರನೇ ತರಗತಿಯ ಮೊಮ್ಮಗಳನ್ನು ಕರೆದು ಮೂಸಿಸಿದೆ. ಅವಳು ಮೂಗು ಹಿಡಿದುಕೊಂಡು ಹೊರಗೆ ಓಡಿದಳು.

ವಯಸ್ಸಾದಂತೆ ಕಣ್ಣು, ಕಿವಿ ಮಂದವಾಗುವ ಹಾಗೆ ಮೂಗೂ ಮಂದವಾಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುತ್ತೇವೆ, ಮೂಗಿನ ಮಾತನ್ನು ಯಾರೂ ನಮಗೆ ಹೇಳುವುದಿಲ್ಲ.

ನಾನು ಮಾಡುತ್ತಿದ್ದ ತಪ್ಪು

ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾದಗಿರಿ, ಸುರಪುರ, ಶಹಾಪುರ ಈ ಮೂರೂ ಊರುಗಳ ಕೌಂಟರಿನಲ್ಲಿ ಕುಳಿತಿದ್ದೇನೆ. ಪೈಸೆ ಪೈಸೆ ಉಳಿಸುವುದು ರಕ್ತಕ್ಕೆ ಹತ್ತಿದ ಗುಣ. ದಿನಾ ಮಷೀನು ತಿರುಗಿಸಿದರೆ ನೀರು ದಂಡ, ಕರೆಂಟು ದಂಡ ಎಂದು ವಾರದ ಬಟ್ಟೆಯನ್ನೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಡುತ್ತಿದ್ದೆ. ಭಾನುವಾರ ಅಷ್ಟನ್ನೂ ಮಷೀನಿನ ಕುತ್ತಿಗೆವರೆಗೆ ತುಂಬಿ, ತಣ್ಣೀರಿನಲ್ಲಿ ಹದಿನೈದು ನಿಮಿಷ ತಿರುಗಿಸುತ್ತಿದ್ದೆ. ಮಳೆಗಾಲವಾದ್ದರಿಂದ ಕೋಣೆಯೊಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ.

ಉಳಿತಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಮೊಮ್ಮಗನ ಅಂಗಿಯ ಮೇಲೆ ವಾರ ವಾರವೂ ಸಾಲ ಬೆಳೆಸುತ್ತಿದ್ದೆ. ಪೂರ್ತಿ ತೀರದ ಬಾಕಿ ಮುಂದಿನ ವಾರದ ಆರಂಭದ ಶಿಲ್ಕಾಗಿ ಮುಂದುವರಿಯುತ್ತಿತ್ತು. ಒಗೆದು ಇಸ್ತ್ರಿ ಮಾಡಿದ ಅಂಗಿ ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿತ್ತಂತೆ. ಹತ್ತು ನಿಮಿಷ ಓಡಿ ಮೈ ಬಿಸಿಯಾದ ಕೂಡಲೇ ಹಳೇ ಬಾಕಿಯೆಲ್ಲ ಎದ್ದು ಬರುತ್ತಿತ್ತಂತೆ.

ಬೆವರು ನಾರುವುದಿಲ್ಲ

ಮಕ್ಕಳೇ, ಇದನ್ನು ಮೊದಲು ತಿಳಿದುಕೊಳ್ಳಿ. ಬೆವರು ತಾನಾಗಿ ನಾರುವುದಿಲ್ಲ. ನಮ್ಮ ಮೈಮೇಲೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳಿವೆ. ಅವುಗಳಲ್ಲಿ ಬಹುಪಾಲು ಹೊರಗೆ ಹಾಕುವುದು ನೀರು ಮತ್ತು ಸ್ವಲ್ಪ ಉಪ್ಪು. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹೊಲದಲ್ಲಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಆ ಬೆವರು ಆರುವಾಗಲೇ ಮೈ ತಂಪಾಗುವುದು. ಅದಿಲ್ಲದಿದ್ದರೆ ನಾವು ಬದುಕುವುದಿಲ್ಲ.

ಕಂಕುಳಲ್ಲಿ ಬೇರೆ ಜಾತಿಯ ಗ್ರಂಥಿಗಳೂ ಇವೆ. ಅವು ಹನ್ನೆರಡು–ಹದಿಮೂರನೇ ವಯಸ್ಸಿನ ಸುಮಾರಿಗೆ ಕೆಲಸ ಶುರುಮಾಡುತ್ತವೆ. ಅದಕ್ಕೇ ಮೂರನೇ ತರಗತಿಯ ತಂಗಿಯ ಫ್ರಾಕು ನಾರುವುದಿಲ್ಲ, ಒಂಬತ್ತನೇ ತರಗತಿಯ ಅಣ್ಣನ ಅಂಗಿ ನಾರುತ್ತದೆ. ಅಣ್ಣ ಕೊಳಕ ಎಂದಲ್ಲ, ಅಣ್ಣ ದೊಡ್ಡವನಾಗುತ್ತಿದ್ದಾನೆ ಎಂದು ಅರ್ಥ. ಈ ಗ್ರಂಥಿಗಳಿಂದ ಬರುವ ಜಿಡ್ಡಿನಂಥ ಬೆವರಿಗೂ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲೆ ಮನೆ ಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಒಡೆದಾಗ ಹುಳಿ ವಾಸನೆಯ ಆಮ್ಲಗಳೂ, ಉಳ್ಳಾಗಡ್ಡಿಯಂತೆ ಘಾಟು ಹೊಡೆಯುವ ಗಂಧಕದ ವಸ್ತುಗಳೂ ಹುಟ್ಟುತ್ತವೆ. ನಾತ ಅವುಗಳದ್ದು.

ಟೆರಿಲಿನ್ ಅಂಗಿಯ ಮೋಹ

ಒಗೆದ ಮೇಲೂ ಅದು ಯಾಕೆ ಹೋಗುವುದಿಲ್ಲ? ಇದಕ್ಕೆ ನನ್ನ ನೌಕರಿಯ ಮೊದಲ ದಿನಗಳನ್ನು ನೆನೆಯಬೇಕು.

1974ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಟೆರಿಲಿನ್ ಅಂಗಿ ಎಂದರೆ ದೊಡ್ಡಸ್ತಿಕೆ. ಟೆರಿಲಿನ್ ಎಂದರೆ ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದ ನೂಲು ಅದು. ಮಡಿಕೆ ಬೀಳುವುದಿಲ್ಲ, ಬೇಗ ಒಣಗುತ್ತದೆ, ವರ್ಷಗಟ್ಟಲೆ ಹರಿಯುವುದಿಲ್ಲ. ಮೊದಲ ಪಗಾರದಲ್ಲಿ ಒಂದು ಹೊಲಿಸಿದೆ. ಸುರಪುರದಲ್ಲಿದ್ದಾಗ ಅದನ್ನೇ ಹಾಕಿಕೊಂಡು ಟೇಲರ್ ಮಂಜಿಲ್ ಗುಡ್ಡ ಹತ್ತಿ ಇಳಿದರೆ ಅಂಗಿ ಹಿಂಡಬಹುದಿತ್ತು. ಕೌಂಟರಿನ ಆಚೆ ನಿಲ್ಲುವ ರೈತರು ಹೊಲದಿಂದ ನೇರ ಬಂದವರು. ಅವರ ಮೈಮೇಲೆ ಹತ್ತಿಯ ಅಂಗಿ, ಹತ್ತಿಯ ಧೋತರ. ನಾನು ಫ್ಯಾನಿನ ಕೆಳಗೆ ಕುಳಿತವನು. ಆದರೂ ಸಂಜೆ ಹೊತ್ತಿಗೆ ಯಾರ ಅಂಗಿ ಹೆಚ್ಚು ನಾರುತ್ತಿತ್ತು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಹತ್ತಿಯ ನೂಲು ನೀರನ್ನು ಪ್ರೀತಿಸುತ್ತದೆ. ಬೆವರನ್ನು ಒಳಗೆ ಎಳೆದುಕೊಳ್ಳುತ್ತದೆ, ಒಗೆಯುವಾಗ ನೀರಿನ ಜೊತೆ ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ನೀರನ್ನು ದೂರ ಇಟ್ಟು ಎಣ್ಣೆ ಜಿಡ್ಡನ್ನು ಪ್ರೀತಿಸುತ್ತದೆ. ನಾರುವ ವಸ್ತುಗಳು ಜಿಡ್ಡಿನ ಬಂಧುಗಳು. ಅವು ಪಾಲಿಯೆಸ್ಟರ್ ನೂಲಿಗೆ ಅಂಟಿಕೊಂಡರೆ ತಣ್ಣೀರಿಗೆ ಜಗ್ಗುವುದಿಲ್ಲ.

ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ಹೇಳುತ್ತದೆ. 26 ಜನರಿಗೆ ಬೇರೆ ಬೇರೆ ಬಗೆಯ ಟೀ-ಶರ್ಟು ತೊಡಿಸಿ, ಒಂದು ಗಂಟೆ ವ್ಯಾಯಾಮದ ಸೈಕಲ್ ತುಳಿಸಿದರು. ಆಮೇಲೆ ಬೆವರಿನ ಶರ್ಟುಗಳನ್ನು ಚೀಲದಲ್ಲಿ ಕಟ್ಟಿ ಒಂದು ದಿನಕ್ಕೂ ಹೆಚ್ಚು ಹೊತ್ತು ಕತ್ತಲಲ್ಲಿಟ್ಟು, ಮೂಸಿ ನೋಡಲು ಕಲಿತವರಿಂದ ಮೂಸಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರುತ್ತಿತ್ತು. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆದಿತ್ತು. ಓದಿದಾಗ ನಗು ಬಂತು. ಮುಚ್ಚಳದ ಡಬ್ಬಿಯಲ್ಲಿ ನಾನು ಮಾಡುತ್ತಿದ್ದುದೂ ಅದೇ ಪ್ರಯೋಗ. ಅವರು ಒಂದು ದಿನ ಇಟ್ಟರು, ನಾನು ಆರು ದಿನ ಇಡುತ್ತಿದ್ದೆ!

ಮನೆಯೊಳಗೆ ನಿಧಾನವಾಗಿ ಒಣಗಿಸಿದ ಬಟ್ಟೆಯ ಮುಗ್ಗಲು ವಾಸನೆಗೆ ಇನ್ನೊಂದು ಬ್ಯಾಕ್ಟೀರಿಯಾ ಕಾರಣ. ಅದರ ಹೆಸರು ಮೊರಾಕ್ಸೆಲ್ಲ. ಇದನ್ನು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬಟ್ಟೆ ಎಷ್ಟು ಹೊತ್ತು ಒದ್ದೆ ಇರುತ್ತದೋ ಅಷ್ಟೂ ಹೊತ್ತು ಅದಕ್ಕೆ ಹಬ್ಬ.

ಗಡಸು ನೀರಿನ ಕಾಟ

ನಮ್ಮ ಮನೆಯ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪದರು ಕಟ್ಟುತ್ತದೆ. ಆ ನೀರಿನಲ್ಲಿ ನಮ್ಮದೇ ಹೊಲದ ತೊಗರಿ ಬೇಳೆ ಕೂಡ ಬೇಗ ಬೇಯುವುದಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸಾಬೂನು ಅವುಗಳ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಮೊಸರಿನ ಗಂಟಿನಂಥ ಕಿಟ್ಟವಾಗುತ್ತದೆ. ಆ ಕಿಟ್ಟ ನೂಲಿನ ಸಂದಿಯಲ್ಲಿ ಕುಳಿತು, ಬೆವರಿನ ಜಿಡ್ಡಿನ ಮೇಲೆ ಮುಚ್ಚಳ ಹಾಕುತ್ತದೆ. ಸಾಬೂನಿನ ಪುಡಿ ಹೆಚ್ಚು ಸುರಿದರೆ ಪುಡಿಯೂ ಪೂರ್ತಿ ಹೋಗದೆ ಉಳಿಯುತ್ತದೆ. ಇದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ.

ಭೀಮೆಯ ದಂಡೆಯಲ್ಲಿ ಕಂಡ ಉಬ್ಬೆ

ಯೋಚಿಸುತ್ತ ಕುಳಿತಾಗ ನನ್ನ ಬಾಲ್ಯದ ಯಾದಗಿರಿ ನೆನಪಾಯಿತು. ಅದು ಆಗ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಭೀಮಾ ನದಿಯ ದಂಡೆಯಲ್ಲಿ ಮಡಿವಾಳರು ಕತ್ತೆಯ ಮೇಲೆ ಬಟ್ಟೆ ಗಂಟು ಹೇರಿಕೊಂಡು ಬರುತ್ತಿದ್ದರು. ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಹಂಡೆಯ ಮೇಲೆ ಸುತ್ತಿ ಜೋಡಿಸಿ, ಕೆಳಗೆ ಬೆಂಕಿ ಹಾಕುತ್ತಿದ್ದರು. ರಾತ್ರಿಯೆಲ್ಲ ಆವಿ ಬಟ್ಟೆಯ ಮೂಲಕ ಏರುತ್ತಿತ್ತು. ಇದಕ್ಕೆ ಉಬ್ಬೆ ಎನ್ನುತ್ತಾರೆ. ಬೆಳಿಗ್ಗೆ ಕಲ್ಲಿಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಉಸುಕಿನ ಮೇಲೆ ಹರಡಿದರೆ ಬಟ್ಟೆ ಹಾಲಿನಂತೆ ಹೊಳೆಯುತ್ತಿತ್ತು.

ಆಗ ಅದು ನಮಗೆ ಆಟದ ನೋಟ. ಈಗ ಲೆಕ್ಕ ಹಾಕಿದರೆ ಎಂಥ ಶಾಸ್ತ್ರ ಅದು! ಸವಳು ಮಣ್ಣಿನಲ್ಲಿ ಸೋಡಾ ಇರುತ್ತದೆ. ಅದು ಕ್ಷಾರ. ಜಿಡ್ಡಿನ ಆಮ್ಲವನ್ನು ಕ್ಷಾರ ಸಾಬೂನಾಗಿ ಮಾಡಿ ನೀರಿಗೆ ಬಿಡಿಸುತ್ತದೆ. ಆವಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬಿಸಿಲು ಉಳಿದದ್ದನ್ನು ಮುಗಿಸುತ್ತದೆ. ಕ್ಷಾರ, ಕಾವು, ಬಿಸಿಲು. ಈ ಮೂರರಲ್ಲಿ ಒಂದೂ ನನ್ನ ಹದಿನೈದು ನಿಮಿಷದ ತಣ್ಣೀರಿನ ಮಷೀನಿನಲ್ಲಿ ಇರಲಿಲ್ಲ.

ಸುರಪುರದ ಪಶ್ಚಿಮಕ್ಕೆ, ವಿಜಯಪುರ ಜಿಲ್ಲೆಯಲ್ಲಿ ದೇವರ ಹಿಪ್ಪರಗಿ ಇದೆ. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಊರು. ಕಲ್ಯಾಣದಲ್ಲಿ ಅವರು ಕಾಯಕ ಮಾಡಿ ಬದುಕುವವರ ಬಟ್ಟೆಯನ್ನು ಮಾತ್ರ ಒಗೆಯುತ್ತಿದ್ದರು ಎಂದು ಹೇಳುತ್ತಾರೆ. ಅಂದರೆ ಬೆವರಿದವನ ಬಟ್ಟೆಗೇ ಅವರ ಕಲ್ಲಿನ ಮೇಲೆ ಜಾಗ. ಮೊಮ್ಮಗನಿಗೆ ಈ ಕಥೆ ಹೇಳಿದೆ. ಸ್ವಲ್ಪ ನಕ್ಕ.

ನಮ್ಮ ಮನೆಯ ಲೆಡ್ಜರು

ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಲೆಡ್ಜರು ಮಾಡಿದೆವು. ಮೊಮ್ಮಗ ಒಗೆಯುವವನು, ನಾನು ಬರೆಯುವವನು, ಮೂಗು ಚುರುಕಾಗಿರುವ ಮೊಮ್ಮಗಳು ಆಡಿಟರ್. ನಾತ ಇಲ್ಲದಿದ್ದರೆ ಸೊನ್ನೆ, ಓಡಿಹೋಗುವಂತಿದ್ದರೆ ಮೂರು ಅಂಕ. ಒಗೆದು ಒಣಗಿದ ಅಂಗಿಯ ಕಂಕುಳಿನ ಭಾಗಕ್ಕೆ ಎರಡು ಹನಿ ಬಿಸಿನೀರು ಚಿಮುಕಿಸಿ ಮೂಸಬೇಕು, ಹಳೇ ಬಾಕಿ ಇದ್ದರೆ ಆಗ ಗೊತ್ತಾಗುತ್ತದೆ.

ಮೊದಲ ವಾರ ಸಾಬೂನಿನ ಪುಡಿ ಎರಡರಷ್ಟು ಹಾಕಿದೆವು. ಆಡಿಟರ್ ಕೊಟ್ಟ ಅಂಕ ಮೂರು. ಎರಡನೇ ವಾರ ಅಂಗಡಿಯಿಂದ ಬಟ್ಟೆ ಮೆತ್ತಗಾಗಿಸುವ ಸುವಾಸನೆಯ ದ್ರವ ತಂದು ಹಾಕಿದೆವು. "ಹೂವಿನ ಜೊತಿ ನಾರ್ತದ" ಎಂದಳು. ಮತ್ತೆ ಮೂರು. ಅಂಥ ದ್ರವ ನೂಲಿನ ಮೇಲೆ ಒಂದು ಪದರು ಹಚ್ಚುತ್ತದೆ. ನಾತ ಅದರ ಕೆಳಗೆ ಭದ್ರವಾಗಿ ಕುಳಿತಿರುತ್ತದೆ.

ಮೂರನೇ ವಾರ ಸೋಡಾ ತರಲು ಹೊರಟೆ. ಮೊಮ್ಮಗ ತಡೆದ. "ಆಯಿ ಡಬ್ಬ್ಯಾಗ ಅದ ಮುತ್ಯಾ." ಬಚ್ಚಲ ಮಾಡದಲ್ಲಿ ಅವಳ ಹಳೆಯ ತಗಡಿನ ಡಬ್ಬಿ. ಒಳಗೆ ಗಟ್ಟಿಯಾಗಿ ಹರಳುಗಟ್ಟಿದ ಬಟ್ಟೆ ಸೋಡಾ. ಎರಡು ವರ್ಷದಿಂದ ಅದನ್ನು ನೋಡಿ, ಏನೋ ಹಾಳಾದ ಉಪ್ಪು, ಒಂದು ದಿನ ಚೆಲ್ಲಬೇಕು ಎಂದುಕೊಂಡಿದ್ದೆ. ಅವಳು ರಾತ್ರಿ ಎಲ್ಲರ ಅಂಗಿಯನ್ನೂ ಒಳಗು ಹೊರಗು ಮಾಡಿ, ಒಂದು ಬಕೆಟ್ಟಿನಲ್ಲಿ ಏನೋ ಹಾಕಿ ನೆನೆಯಿಡುತ್ತಿದ್ದಳು. ನಲವತ್ತು ವರ್ಷ ಇಸ್ತ್ರಿಯಾದ ಅಂಗಿ ತೊಟ್ಟು ಬ್ಯಾಂಕಿಗೆ ಹೋದ ನಾನು ಆ 'ಏನೋ' ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಸೋಡಾ ಸಿಕ್ಕಿತು. ಗಡಸು ಕಿಟ್ಟಕ್ಕೆ ವಿನೆಗರ್ ಒಳ್ಳೆಯದು ಎಂದು ಓದಿದ್ದೆ. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದೆ. ಬುಸ್ಸೆಂದು ನೊರೆ ಉಕ್ಕಿತು, ಮಕ್ಕಳು ಕುಣಿದರು. ಅಂಗಿಯ ನಾತ ಮಾತ್ರ ಎರಡಕ್ಕೆ ಇಳಿಯಿತಷ್ಟೆ. ಆಮ್ಲ, ಕ್ಷಾರ ಒಂದನ್ನೊಂದು ಹೊಡೆದುಹಾಕಿದ್ದವು. ಜಮೆಯೂ ಖರ್ಚೂ ಸಮ, ಶಿಲ್ಕು ಸೊನ್ನೆ! ಬಿಕಾಂ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ನಾಲ್ಕನೇ ವಾರ ಒಂದಾದ ಮೇಲೆ ಒಂದು ಮಾಡಿದೆವು. ಮೊದಲು ವಿನೆಗರ್, ಅದು ಸುಣ್ಣದ ಕಿಟ್ಟವನ್ನು ಒಡೆಯುತ್ತದೆ. ಚೆನ್ನಾಗಿ ಜಾಲಿಸಿದ ಮೇಲೆ ಬಿಸಿನೀರಿನಲ್ಲಿ ಸೋಡಾ, ಅದು ಹೊರಬಿದ್ದ ಜಿಡ್ಡನ್ನು ಎಳೆದೊಯ್ಯುತ್ತದೆ. ಆಮೇಲೆ ಮಾಳಿಗೆಯ ಮೇಲೆ ಬಿಸಿಲು. ಆಡಿಟರ್ ಎರಡು ಸಲ ಮೂಸಿದಳು. ಮೂರನೇ ಸಲ ಅಂಗಿಗೆ ಮುಖವನ್ನೇ ಒತ್ತಿದಳು. "ಸೊನ್ನಿ!"

ಹುಮ್ಮಸ್ಸಿನಲ್ಲಿ ಅವಳು ಗೂಟಕ್ಕೆ ತೂಗುಹಾಕಿದ್ದ ನನ್ನ ಅಂಗಿಯನ್ನೂ ಮೂಸಿದಳು. ಏನೂ ಹೇಳದೆ ಲೆಡ್ಜರಿನಲ್ಲಿ ಬರೆದಳು: ಮೂರು. ಮೊಮ್ಮಗ ನನ್ನ ಮುಖ ನೋಡಿ ಮೆಲ್ಲಗೆ ಅಂದ, "ಆಯಿ ಇದ್ದಾಗ ನಿನ್ನ ಅಂಗಿ ಹಿಂಗ ನಾರ್ತಿರಲಿಲ್ಲ ಮುತ್ಯಾ."

ಅವನಿಗೆ ಸಾಲಿಯಲ್ಲಿ ಮೂದಲಿಸಿ ಹೇಳಿದ್ದರು. ನನಗೆ ಎರಡು ವರ್ಷ ಯಾರೂ ಹೇಳಿಯೇ ಇರಲಿಲ್ಲ. ಎರಡೂ ಕಷ್ಟವೇ.

ನೀವು ಹೀಗೆ ಮಾಡಿ

1. ಬೆವರಿದ ಅಂಗಿಯನ್ನು ಮುಚ್ಚಳದ ಡಬ್ಬಿಗೆ ಹಾಕಬೇಡಿ. ಗಾಳಿಗೆ ಹರವಿ, ಆದಷ್ಟು ಅದೇ ದಿನ ಒಗೆಯಿರಿ. ಒಗೆಯಲು ಆಗದಿದ್ದರೆ ಕಂಕುಳಿನ ಭಾಗವನ್ನಾದರೂ ನೀರಿನಲ್ಲಿ ಜಾಲಿಸಿ ಒಣಹಾಕಿ.

2. ಅಂಗಿಯನ್ನು ಒಳಗು ಹೊರಗು ಮಾಡಿ. ಕೊಳೆ ಇರುವುದು ಒಳಗೆ.

3. ಹಳೇ ನಾತಕ್ಕೆ: ಅರ್ಧ ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಯಿಡಿ. ಆಮೇಲೆ ಎರಡು ಸಲ ಜಾಲಿಸಿ.

4. ಅರ್ಧ ಬಕೆಟ್ ಬಿಸಿನೀರಿಗೆ (ಕೈ ತಾಳುವಷ್ಟು ಬಿಸಿ) ಒಂದು ದೊಡ್ಡ ಚಮಚ ಬಟ್ಟೆ ಸೋಡಾ, ಸ್ವಲ್ಪ ಸಾಬೂನಿನ ಪುಡಿ ಕದಡಿ, ಒಂದು ಗಂಟೆ ನೆನೆಯಿಡಿ. ಕಂಕುಳಿನ ಭಾಗವನ್ನು ಉಜ್ಜಿ ಎಂದಿನಂತೆ ಒಗೆಯಿರಿ. ಪದೇ ಪದೇ ಜಾಲಿಸಿ, ನೀರು ತಿಳಿಯಾಗುವವರೆಗೆ.

5. ಮಷೀನನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಒಳಗೆ ಕೈ ಆಡುವಷ್ಟು ಜಾಗವಿರಲಿ. ಒಗೆದ ಕೂಡಲೇ ತೆಗೆಯಿರಿ.

6. ಬಿಸಿಲಿಗೆ, ಗಾಳಿಗೆ ಹಾಕಿ. ಮಳೆಗಾಲದಲ್ಲಿ ಬಟ್ಟೆಗಳ ನಡುವೆ ಅಂತರ ಬಿಟ್ಟು ಫ್ಯಾನಿನ ಕೆಳಗೆ ಒಣಗಿಸಿ.

7. ನಾರುವ ಅಂಗಿಗೆ ಇಸ್ತ್ರಿ ಬೇಡ. ಕಾವಿಗೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಎಚ್ಚರಿಕೆಯ ಮಾತು: ಬ್ಲೀಚಿನ ಜೊತೆ ವಿನೆಗರನ್ನು ಎಂದೂ ಬೆರೆಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಬಟ್ಟೆ ಸೋಡಾ ಅಡುಗೆ ಸೋಡಾ ಅಲ್ಲ. ಅದು ಕೈ ಸುಡುತ್ತದೆ, ಚರ್ಮ ಒಡೆಯುತ್ತದೆ. ಮಕ್ಕಳು ದೊಡ್ಡವರ ಎದುರಿಗೇ ಮಾಡಬೇಕು, ಕೈಗವಸು ಇದ್ದರೆ ಒಳ್ಳೆಯದು. ಡಬ್ಬಿಯ ಮೇಲೆ ಹೆಸರು ಬರೆದು ಎತ್ತರದಲ್ಲಿಡಿ. ರೇಷ್ಮೆ, ಉಣ್ಣೆಗೆ ಸೋಡಾ ಹಾಕಬೇಡಿ. ಬಣ್ಣ ಬಿಡುವ ಬಟ್ಟೆಯನ್ನು ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ.

ಹೇಳುವ ಬಗೆ

ನನ್ನ ಓರಗೆಯ ಹಿರಿಯರೇ, ನಮ್ಮ ಮೂಗನ್ನು ಪೂರ್ತಿ ನಂಬಬೇಡಿ. ವಾರಕ್ಕೊಮ್ಮೆ ಮನೆಯ ಚಿಕ್ಕ ಮಗುವಿಗೆ ಆಡಿಟರ್ ಕೆಲಸ ಕೊಡಿ. ಅವರು ಹೇಳಿದ್ದಕ್ಕೆ ಸಿಟ್ಟಾಗಬೇಡಿ.

ಮಕ್ಕಳೇ, ಗೆಳೆಯನ ಅಂಗಿ ನಾರುತ್ತಿದ್ದರೆ ನಾಲ್ಕು ಜನರ ಎದುರು ಮೂಗು ಮುಚ್ಚಬೇಡಿ. ಒಬ್ಬನೇ ಇದ್ದಾಗ ಮೆಲ್ಲಗೆ ಹೇಳಿ. ಅವನ ಮನೆಯಲ್ಲಿ ನೀರು ವಾರಕ್ಕೆರಡು ಸಲ ಬರುತ್ತಿರಬಹುದು. ಅವನಿಗೆ ಇರುವುದು ಒಂದೇ ಅಂಗಿಯಾಗಿರಬಹುದು. ಅಥವಾ ನನ್ನಂಥ ಮುತ್ಯಾ ಅವನ ಬಟ್ಟೆ ಒಗೆಯುತ್ತಿರಬಹುದು.

ನಮ್ಮ ಹುಡುಗ ಮತ್ತೆ ಖೋ-ಖೋ ಮೈದಾನಕ್ಕೆ ಹೋದ. ತಾಲ್ಲೂಕು ಪಂದ್ಯದಲ್ಲಿ ಅವರ ತಂಡ ಎರಡನೇ ಸುತ್ತಿನಲ್ಲೇ ಸೋತಿತು. ಮನೆಗೆ ಬಂದವನು ಮಣ್ಣು, ಬೆವರು ಮೆತ್ತಿದ ಅಂಗಿ ಬಿಚ್ಚಿ, ತಾನೇ ಒಳಗು ಹೊರಗು ಮಾಡಿ ಬಕೆಟ್ಟಿಗೆ ಹಾಕಿದ. "ಬಾಜೂಕ ಯಾರರೆ ಕೂತ್ರೇನಪಾ?" ಎಂದು ಕೇಳಿದೆ.

"ಜೀಪಿನ್ಯಾಗ ಹನ್ನೆರಡು ಮಂದಿ ಒಬ್ಬರ ಮ್ಯಾಲೊಬ್ಬರು ಕೂತು ಬಂದೀವಿ ಮುತ್ಯಾ. ಎಲ್ಲಾರೂ ನಾರ್ತಿದ್ವಿ" ಎಂದು ನಕ್ಕ. ಆಮೇಲೆ ನನ್ನ ಅಂಗಿಯನ್ನೂ ಗೂಟದಿಂದ ತೆಗೆದು ಅದೇ ಬಕೆಟ್ಟಿಗೆ ಹಾಕಿ, ಆಯಿಯ ಡಬ್ಬಿಯ ಮುಚ್ಚಳ ತೆರೆದ.